ಕಣ್ಣಿನ ಹಂಗಿಲ್ಲದ ಬೆಳಕು

ಅರಕಲಗೂಡಿನಲ್ಲಾಗಲಿ ಹೊಳೆನರಸೀಪುರದಲ್ಲಾಗಲಿ, ರಾತ್ರಿ ದೀಪ ಆರಿ ಮನೆಯೆಲ್ಲ ಕತ್ತಲಾದಾಗ ಮಕ್ಕಳಿಗೊಂದು ಆಟ ಹೊಳೆಯುತ್ತದೆ. ಕಣ್ಣು ಮುಚ್ಚಿ ರೆಪ್ಪೆಯನ್ನು ಬೆರಳಿನಿಂದ ಒತ್ತಿದರೆ ಬಣ್ಣದ ಬಳೆಗಳು ತೇಲಿಬರುತ್ತವೆ. “ಕಣ್ಣು ಹಾಳಾದೀತು, ಬಿಡೋ” ಎಂದು ಅಜ್ಜಿ ಗದರುವುದೂ ಆ ಆಟದ ಒಂದು ಅಂಗವೇ. ಅಜ್ಜಿಯ ಮಾತು ಸರಿ. ಮಕ್ಕಳ ಬೆರಗೂ ಸುಳ್ಳಲ್ಲ. ಕಣ್ಣಿನ ಒಳಪರದೆಗೆ ತಿಳಿದಿರುವುದು ಒಂದೇ ಭಾಷೆ. ಬೆಳಕು ತಾಗಲಿ, ಬೆರಳು ಒತ್ತಲಿ, ಅದು ಮಿದುಳಿಗೆ ‘ಬೆಳಕು’ ಎಂದೇ ವರದಿ ಒಪ್ಪಿಸುತ್ತದೆ.

ಬೆರಳು ಮಾಡುವ ಈ ಕೆಲಸವನ್ನು ಅಯಸ್ಕಾಂತವೂ ಮಾಡಬಲ್ಲದು. 1896ರಲ್ಲಿ ಫ್ರಾನ್ಸಿನ ದಾರ್ಸೋನ್ವಾಲ್ ಎಂಬ ವಿಜ್ಞಾನಿ, ದೊಡ್ಡ ತಂತಿಸುರುಳಿಯೊಳಗೆ ತಲೆಯಿಟ್ಟು ವಿದ್ಯುತ್ತು ಹರಿಸಿದರೆ ಕಣ್ಣೆದುರು ಬೆಳಕು ಮಿನುಗುವುದೆಂದು ವರದಿಮಾಡಿದ. ಜೊತೆಗೆ ತಲೆಸುತ್ತು ಬೇರೆ! 1910ರಲ್ಲಿ ಇಂಗ್ಲೆಂಡಿನ ಸಿಲ್ವೇನಸ್ ಥಾಂಪ್ಸನನೂ ಅದನ್ನೇ ಕಂಡ. ಆದರೆ ಆ ಮಿನುಗು ಹುಟ್ಟುತ್ತಿದ್ದುದು ಬಹುಮಟ್ಟಿಗೆ ಕಣ್ಣಿನಲ್ಲೇ.

ಮಿದುಳನ್ನೇ ಮುಟ್ಟಿದ್ದು 1985ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್ ನಗರದ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರ ಸುರುಳಿ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಸುರುಳಿಯನ್ನು ನೆತ್ತಿಯ ಬಳಿ ಹಿಡಿದು ಕಣ್ಣು ಮಿಟುಕಿಸುವುದರೊಳಗೆ ವಿದ್ಯುತ್ತನ್ನು ಹರಿಸಿ ನಿಲ್ಲಿಸಿದರೆ, ಅಯಸ್ಕಾಂತ ಕ್ಷೇತ್ರವು ಮೂಳೆಯನ್ನು ಲೆಕ್ಕಿಸದೆ ದಾಟಿ ಮಿದುಳಿನಲ್ಲಿ ಪುಟ್ಟ ಪ್ರವಾಹವೊಂದನ್ನು ಎಬ್ಬಿಸುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವೇ ಇದು. ಕೈಯನ್ನು ಆಳುವ ಭಾಗದ ಮೇಲೆ ಸುರುಳಿಯಿಟ್ಟರೆ ಕೈ ತಾನಾಗಿ ಅದುರುತ್ತದೆ. ತಲೆಯ ಹಿಂಬದಿಗೆ, ದೃಷ್ಟಿಯ ಕೇಂದ್ರವಿರುವ ಕಡೆಗೆ ಸರಿಸಿದರೆ, ಮುಚ್ಚಿದ ಕಣ್ಣಿನ ಮುಂದೆ ಮಿಂಚೊಂದು ಸುಳಿದು ಮಾಯವಾಗುತ್ತದೆ. ಎಲ್ಲರಿಗೂ ಕಾಣುವುದಿಲ್ಲ. ಕಂಡವರಿಗೆ, ಸುರುಳಿ ಎಡಕ್ಕಿದ್ದರೆ ಮಿಂಚು ಬಲಕ್ಕೆ, ಬಲಕ್ಕಿದ್ದರೆ ಎಡಕ್ಕೆ.

ಇಂಥ ಯಂತ್ರ ಬೆಂಗಳೂರಿನ ನಿಮ್ಹಾನ್ಸಿನಲ್ಲಿದೆ. ಅಲ್ಲಿ ಅದರ ಕೆಲಸ ಮಿಂಚು ತೋರಿಸುವುದಲ್ಲ, ಖಿನ್ನತೆಯೇ ಮೊದಲಾದ ಮನೋವ್ಯಾಧಿಗಳ ಚಿಕಿತ್ಸೆ. ಆದರೆ ಸುದ್ದಿಗೆ ಕಾಲು ಬಂದರೆ ಅದು ಚನ್ನರಾಯಪಟ್ಟಣ ದಾಟಿ ಹಾಸನ ಮುಟ್ಟುವಾಗ ಬೇರೆಯೇ ರೂಪ ತಾಳುತ್ತದೆ: “ಕಣ್ಣಿಲ್ಲದವರಿಗೂ ಬೆಳಕು ಕಾಣಿಸುತ್ತಾರಂತೆ!” ದೃಷ್ಟಿ ಕಳೆದುಕೊಂಡ ಹಿರಿಯರಿರುವ ಮನೆಯಲ್ಲಿ ಈ ಒಂದು ‘ಅಂತೆ’ ಎಬ್ಬಿಸುವ ಆಸೆ ಸಾಮಾನ್ಯವಾದುದಲ್ಲ. ಆಲೂಗೆಡ್ಡೆಯ ಬೆಳೆ ಮಾರಿ ಬಂದ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಡಲು ಸಿದ್ಧರಾದಾರು.

ಸುದ್ದಿಯಲ್ಲಿ ನಿಜದ ಒಂದೆಳೆ ಇಲ್ಲದಿಲ್ಲ. ಬಹುಕಾಲ ನೋಡಿ ಆಮೇಲೆ ದೃಷ್ಟಿ ಕಳೆದುಕೊಂಡ ಕೆಲವರಿಗೆ ಸುರುಳಿಯಿಂದ ಮಿಂಚು ಕಂಡದ್ದುಂಟು. ಹುಟ್ಟಿನಿಂದ ಅಂಧರಾದವರಿಗೆ ಸಾಮಾನ್ಯವಾಗಿ ಅದೂ ಇಲ್ಲ. 1968ರಲ್ಲಿ ಬ್ರಿಂಡ್ಲಿ ಮತ್ತು ಲೆವಿನ್ ಎಂಬ ಇಂಗ್ಲೆಂಡಿನ ವೈದ್ಯರು ಅಂಧ ಮಹಿಳೆಯೊಬ್ಬರ ಮಿದುಳಿನ ಮೇಲೆ ವಿದ್ಯುದ್ವಾರಗಳನ್ನೇ ಇರಿಸಿ, ಅವರಿಗೆ ಬೆಳಕಿನ ಚುಕ್ಕೆಗಳು ಕಂಡವೆಂದು ಪ್ರಕಟಿಸಿದರು. ಚುಕ್ಕೆ ಕಂಡಿತು, ನಿಜ. ಮೊಮ್ಮಗಳ ಮುಖ ಕಾಣುವುದು ಬೇರೆ ಮಾತು. ಸುರುಳಿಯ ಮಿಂಚು ಚಿಕಿತ್ಸೆಯಲ್ಲ, ದೃಷ್ಟಿಯೂ ಅಲ್ಲ. ಇದನ್ನು ಮನೆಯವರಿಗೆ ಮೊದಲೇ ಸ್ಪಷ್ಟವಾಗಿ ಹೇಳುವುದು ನಿಷ್ಠುರವೆನಿಸಿದರೂ ದಯೆಯ ಕೆಲಸ.

ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: ಕಣ್ಣು ಹೋದದ್ದು ಏತರಿಂದ? “ವಯಸ್ಸಾಯಿತು, ಕಾಣುವುದಿಲ್ಲ” ಎಂದು ಜಗುಲಿಯ ಮೂಲೆ ಹಿಡಿದ ಎಷ್ಟೋ ಹಿರಿಯರಿಗೆ ಇರುವುದು ಬರಿಯ ಪೊರೆ. ಅದಕ್ಕೆ ಅಯಸ್ಕಾಂತ ಬೇಡ, ಬೆಂಗಳೂರೂ ಬೇಡ; ಪೊರೆಯ ಶಸ್ತ್ರಚಿಕಿತ್ಸೆ ಹಾಸನದಲ್ಲೇ ಆಗುತ್ತದೆ. ಕಣ್ಣಿನ ಒತ್ತಡ ಹೆಚ್ಚಿ ನರ ಬಾಡಿದ್ದರೆ ಮಾತ್ರ ಹೋದ ದೃಷ್ಟಿ ಮರಳದು. ಉಳಿದಷ್ಟನ್ನು ಔಷಧದಿಂದ ಕಾಪಾಡಬಹುದು.

ಇನ್ನು, ಯಾವ ಸುರುಳಿಯೂ ಇಲ್ಲದೆ, ಯಾರೂ ಒತ್ತದೆ, ಒಂದೇ ಕಣ್ಣಿನಲ್ಲಿ ದಿಢೀರನೆ ಮಿಂಚು ಹೊಡೆದು, ಕಪ್ಪು ಚುಕ್ಕೆಗಳು ಉದುರಿ, ಅಂಚಿನಿಂದ ಪರದೆ ಇಳಿದಂತಾದರೆ ಅದು ಬೆರಗುಪಡುವ ಹೊತ್ತಲ್ಲ. ಕಣ್ಣಿನ ಒಳಪರದೆ ಕಳಚುತ್ತಿರಬಹುದು. ಹಬ್ಬ ಮುಗಿಯಲಿ, ಸಂತೆ ಮುಗಿಯಲಿ ಎನ್ನದೆ ಅಂದೇ ನೇತ್ರವೈದ್ಯರ ಬಳಿಗೆ ಹೊರಡಬೇಕು.