ಮೂರ್ ಸಫಾರಿ

ನನ್ನ ದೊಡ್ಡ ಮಾಮು ದರ್ಜಿಯಾಗಿದ್ದರು. ತರೀಕೆರೆಯಲ್ಲಿ ಅವರದೊಂದು ಒಂಟಿ ಬಾಗಿಲಿನ ಅಂಗಡಿ, ಎರಡು ಹೊಲಿಗೆ ಯಂತ್ರ, ಇದ್ದಿಲಿನ ಒಂದು ಇಸ್ತ್ರಿ ಪೆಟ್ಟಿಗೆ. ಗಿರಾಕಿಗಳ ಅಳತೆಯನ್ನು ಅವರು ಒಂದು ಉದ್ದ ಪುಸ್ತಕದಲ್ಲಿ ಉರ್ದುವಿನಲ್ಲಿ ಬರೆದಿಡುತ್ತಿದ್ದರು. ಶಾಲೆಗೆ ರಜೆ ಬಂದಾಗ ಕಾಜಾ-ಗುಂಡಿ ಕೆಲಸಕ್ಕೆ ನಾನು ಆ ಅಂಗಡಿಗೆ ಹೋಗುತ್ತಿದ್ದೆ. ಆಗಷ್ಟೇ ಉರ್ದು ಓದಲು ಕಲಿತಿದ್ದೆ. ಪುಸ್ತಕದ ಪುಟ ಪುಟದಲ್ಲೂ ಗಿರಾಕಿಯ ಹೆಸರಿನ ಮುಂದೆ 'ಮೋರ್ ಸಫಾರಿ' ಎಂದಿರುವುದನ್ನು ಓದಿ ನನಗೆ ಸೋಜಿಗವಾಗುತ್ತಿತ್ತು. ಮೋರ್ ಎಂದರೆ ನವಿಲು. ನವಿಲಿಗೂ ಸಫಾರಿಗೂ ಏನು ಸಂಬಂಧ? ಕೇಳಿದರೆ ಮಾಮು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನಕ್ಕರು. ಅದು ಮೋರ್ ಅಲ್ಲ ಬೇಟಾ, ಮೂರ್. ರೋಜರ್ ಮೂರ್. ಉರ್ದುವಿನಲ್ಲಿ ಎರಡಕ್ಕೂ ಒಂದೇ ಬರಹ.

ಮಾಮು 70ರ ದಶಕದಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಹೊಲಿಗೆ ಕಲಿತವರು. ಅವರ ಮೊದಲ ಪತ್ತೇದಾರ ನಮ್ಮ ರಾಜಕುಮಾರರೇ. ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ' 1968ರಲ್ಲಿ ಬಂದಾಗ ಸಿಐಡಿ 999 ಆಗಿ ಅಣ್ಣಾವ್ರನ್ನು ನೋಡಿ ಹುಚ್ಚಾದವರಲ್ಲಿ ಅವರೂ ಒಬ್ಬರು. ಬೆಂಗಳೂರಿಗೆ ಹೋದಮೇಲೆ ಇಂಗ್ಲಿಷಿನ 007 ಸಿಕ್ಕ. ಭಾಷೆ ಅರ್ಥವಾಗದಿದ್ದರೂ ಬಟ್ಟೆ ಅರ್ಥವಾಗುತ್ತಿತ್ತು. ಪರದೆಯ ಮೇಲೆ ರೋಜರ್ ಮೂರ್ ನಡೆದು ಬಂದರೆ ಮಾಮು ಅವನ ಹೆಗಲ ಪಟ್ಟಿ, ಜೇಬು, ಕಾಲರು ನೋಡುತ್ತಿದ್ದರು. ಮನೆಗೆ ಬಂದು ಹಳೆಯ ಪೇಪರಿನ ಮೇಲೆ ಅದನ್ನು ಕತ್ತರಿಸುತ್ತಿದ್ದರು. ಹೀಗೆ ಲಂಡನ್ನಿನ ದರ್ಜಿಗಳ ಕೆಲಸ ನಮ್ಮೂರಿನ ಮಂಡಿ ವ್ಯಾಪಾರಿಗಳ, ಮೇಷ್ಟ್ರುಗಳ, ಪಂಚಾಯತಿ ಮೆಂಬರುಗಳ ಮೈಮೇಲೆ ಬಂತು. ಅವರಲ್ಲಿ ಎಷ್ಟು ಜನಕ್ಕೆ ರೋಜರ್ ಮೂರ್ ಯಾರೆಂದು ಗೊತ್ತಿತ್ತೋ. 'ಮೂರು ಸಫಾರಿ ಅಂತೀರಲ್ಲ, ನನಗೆ ಒಂದೇ ಸಾಕು' ಎಂದು ಗಾಬರಿಯಾದವರೂ ಇದ್ದರು.

ಮೂರ್ 1973ರಿಂದ 1985ರವರೆಗೆ ಏಳು ಚಿತ್ರಗಳಲ್ಲಿ ಜೇಮ್ಸ್ ಬಾಂಡ್ ಆಗಿದ್ದರು. ಲಂಡನ್ನಿನ ಪೊಲೀಸ್ ಪೇದೆಯೊಬ್ಬರ ಮಗ. ತಾಯಿ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ. ತನ್ನ ನಟನೆಯ ಬಗ್ಗೆ ತಾನೇ ತಮಾಷೆ ಮಾಡುತ್ತಿದ್ದ ಅಪರೂಪದ ನಟ ಆತ. ಎಡ ಹುಬ್ಬು ಏರಿಸುವುದು, ಬಲ ಹುಬ್ಬು ಏರಿಸುವುದು, ಇಷ್ಟೇ ನನ್ನ ಬಂಡವಾಳ ಎನ್ನುತ್ತಿದ್ದರು. ಪರದೆಯ ಮೇಲೆ ಅಷ್ಟೊಂದು ಪಿಸ್ತೂಲು ಹಿಡಿದ ಆ ಮನುಷ್ಯನಿಗೆ ನಿಜಜೀವನದಲ್ಲಿ ಬಂದೂಕು ಎಂದರೆ ಭಯವಿತ್ತು.

ನಾನು ಮೊದಲು ನೋಡಿದ್ದು 'ಆಕ್ಟೋಪುಸಿ'. ಅದು 1983ರ ಚಿತ್ರ. ನಮ್ಮೂರಿಗೆ ಅದು ಬಂದದ್ದು ಐದಾರು ವರ್ಷಗಳ ನಂತರ, ಭಾನುವಾರದ ಬೆಳಗಿನ ಆಟಕ್ಕೆ. ಉದಯಪುರದ ಸರೋವರ, ಅರಮನೆ, ಆಟೋರಿಕ್ಷಾದಲ್ಲಿ ಬೆನ್ನಟ್ಟುವ ದೃಶ್ಯ, ಟೆನಿಸ್ ಬ್ಯಾಟಿನಿಂದ ಗೂಂಡಾಗಳನ್ನು ಬಾರಿಸುವ ವಿಜಯ್ ಅಮೃತರಾಜ್. ನಮ್ಮ ದೇಶವನ್ನು ಇಂಗ್ಲಿಷ್ ಸಿನಿಮಾದಲ್ಲಿ ನೋಡಿದ ಖುಷಿಗೆ ಟಾಕೀಸಿನಲ್ಲಿ ಸೀಟಿಯೋ ಸೀಟಿ. ಖಳನಾಯಕ ಕಮಾಲ್ ಖಾನ್ ಎಂಬ ಅಫಘಾನ್ ರಾಜಕುಮಾರ. ಪಾತ್ರ ಮಾಡಿದವರು ಲೂಯಿ ಜೂರ್ದಾನ್ ಎಂಬ ಫ್ರೆಂಚ್ ನಟ. ಮರುದಿನದಿಂದ ತರಗತಿಯಲ್ಲಿ ನನ್ನ ಹೆಸರು ಕಮಾಲ್ ಖಾನ್ ಆಯಿತು. ಅಳುತ್ತಾ ಬಂದು ಮಾಮುವಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, 'ಏನೇ ಅನ್ನು, ಆ ಖಾನನ ಬಟ್ಟೆ ಹೊಲಿದ ದರ್ಜಿ ಒಳ್ಳೆ ಕೆಲಸಗಾರ' ಎಂದರು. ಅದೇ ಅವರ ಸಮಾಧಾನ.

ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಬೇರೊಂದು ದೃಶ್ಯ. ಮೊಹಲ್ಲಾದಲ್ಲಿ ಒಂದು ರಾತ್ರಿ ಬಾಡಿಗೆ ವಿಸಿಆರ್ ತಂದು 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್' ಹಾಕಿದ್ದರು. ಥಾಯ್ಲೆಂಡಿನ ಕಾಲುವೆಯಲ್ಲಿ ಬಾಂಡನ ದೋಣಿ ನಿಂತುಬಿಡುತ್ತದೆ. ಮರದ ಆನೆ ಮಾರುವ ಒಬ್ಬ ಹುಡುಗ ದೋಣಿ ಹತ್ತುತ್ತಾನೆ. ದೋಣಿ ಓಡುವಂತೆ ಮಾಡಿದರೆ ಇಪ್ಪತ್ತು ಸಾವಿರ ಬಾತ್ ಕೊಡುತ್ತೇನೆ ಎನ್ನುತ್ತಾನೆ ಬಾಂಡ್. ಹುಡುಗ ಕ್ಷಣದಲ್ಲಿ ಸರಿಮಾಡುತ್ತಾನೆ. ಬಾಂಡ್ ಅವನನ್ನು ನೀರಿಗೆ ತಳ್ಳಿ ಹೊರಟುಹೋಗುತ್ತಾನೆ.

ಎಲ್ಲರೂ ನಕ್ಕರು. ಮಾಮು ಕೂಡ ನಕ್ಕರು. ನನಗೆ ನಗು ಬರಲಿಲ್ಲ. ಅದೇ ವಾರ ಒಬ್ಬ ಸರ್ಕಾರಿ ಸಾಹೇಬರು ಮೂರ್ ಸಫಾರಿ ಹೊಲಿಸಿಕೊಂಡು, 'ನಾಳೆ ಕೊಡ್ತೀನಿ' ಎಂದು ತೊಟ್ಟುಕೊಂಡೇ ಹೋಗಿದ್ದರು. ಆ ನಾಳೆ ಬರಲೇ ಇಲ್ಲ. ಅವರ ಸಫಾರಿಗೆ ಗುಂಡಿ ಹಾಕಿದವನು ನಾನು. ನನ್ನ ಎರಡು ರೂಪಾಯಿಯೂ ಅದರಲ್ಲೇ ಇತ್ತು. ಒಳ್ಳೆ ಬಟ್ಟೆ ತೊಟ್ಟವರು ಕೆಲಸ ಮಾಡಿದ ಹುಡುಗನನ್ನು ನೀರಿಗೆ ತಳ್ಳಬಹುದು, ಜನ ನಗುತ್ತಾರೆ. ಹತ್ತು ವರ್ಷದ ನನಗೆ ಇದನ್ನು ಹೇಳಲು ಮಾತಿರಲಿಲ್ಲ. ಆದರೆ ಆಮೇಲೆ ನಾನು ಬರೆದ ಕಥೆಗಳಲ್ಲಿ ಆ ಹುಡುಗ ಬೇರೆ ಬೇರೆ ಹೆಸರಿನಲ್ಲಿ ಬಂದಿದ್ದಾನೆ ಎಂದು ಈಗ ಅನಿಸುತ್ತದೆ.

ರೋಜರ್ ಮೂರ್ ತೀರಿಕೊಂಡದ್ದು 2017ರ ಮೇ 23ರಂದು, ಸ್ವಿಟ್ಜರ್ಲೆಂಡಿನಲ್ಲಿ, ಕ್ಯಾನ್ಸರಿನಿಂದ. 89 ವರ್ಷ. ಆ ದಿನ ನಾನು ಊರಿನಲ್ಲಿದ್ದೆ. ರಮಝಾನಿಗೆ ನಾಲ್ಕೈದು ದಿನ ಉಳಿದಿತ್ತು. ಅಂಗಡಿಯ ತುಂಬ ಹೊಲಿಗೆ ಬಟ್ಟೆಯ ರಾಶಿ. ಟಿವಿಯಲ್ಲಿ ಬೆಳಗಿನಿಂದ ಮ್ಯಾಂಚೆಸ್ಟರ್. ಹಿಂದಿನ ರಾತ್ರಿ ಅಲ್ಲಿ ಸಂಗೀತ ಕಾರ್ಯಕ್ರಮ ಮುಗಿಸಿ ಹೊರಬರುತ್ತಿದ್ದವರ ನಡುವೆ ಒಬ್ಬ ಬಾಂಬ್ ಸಿಡಿಸಿದ್ದ. 22 ಜನ ಸತ್ತಿದ್ದರು. ಅವರಲ್ಲಿ ಎಂಟು ವರ್ಷದ ಹುಡುಗಿಯೂ ಇದ್ದಳು. ಅಂಗಡಿಗೆ ಬಂದ ಗಿರಾಕಿಗಳೂ ಮಾತಾಡಲಿಲ್ಲ, ಮಾಮು ಕೂಡ ಮಾತಾಡಲಿಲ್ಲ. ಅಂಥ ಮೌನ ನಮ್ಮಂಥವರಿಗೆ ಹೊಸದೇನಲ್ಲ.

ಸಂಜೆ ಮೂರ್ ಸುದ್ದಿ ಬಂತು. ಮಗ್ರಿಬ್ ಮುಗಿಸಿ ಬಂದಾಗ ನೋಡುತ್ತೇನೆ, ನಮ್ಮ ಹಳೆಯ ಗಣಿತದ ಮೇಷ್ಟ್ರು ಅಂಗಡಿ ಮುಂದೆ ನಿಂತಿದ್ದಾರೆ. ಎಂಬತ್ತು ದಾಟಿದವರು. ಇಪ್ಪತ್ತೈದು ವರ್ಷದ ಹಿಂದೆ ಮಾಮು ಹೊಲಿದ ಬೂದು ಬಣ್ಣದ ಸಫಾರಿ ತೊಟ್ಟಿದ್ದರು, ಹೆಗಲಲ್ಲಿ ಸಡಿಲ. 'ಸಾಬ್ರೆ, ನಿಮ್ಮ ಮೂರ್ ಹೋದನಂತಲ್ಲ' ಎಂದು ಬೆಂಚಿನ ಮೇಲೆ ಕೂತರು. ಇಬ್ಬರು ಮುದುಕರು ಮನೆಯವರನ್ನೇ ಕಳೆದುಕೊಂಡವರಂತೆ ಚಹಾ ಕುಡಿಯುತ್ತಾ ಒಂದೊಂದೇ ದೃಶ್ಯ ನೆನಪು ಮಾಡಿಕೊಂಡರು. ಬೆಳಗಿನಿಂದ ಕಟ್ಟಿಕೊಂಡಿದ್ದ ಮೌನ ಅಲ್ಲಿ ಒಡೆಯಿತು.

ಆ ವಾರ ಜಗತ್ತಿನ ಅಭಿಮಾನಿಗಳು ಏನೇನೋ ನೆನಪುಗಳನ್ನು ಹಂಚಿಕೊಂಡರು. ಇಂಗ್ಲೆಂಡಿನ ಬರಹಗಾರರೊಬ್ಬರ ನೆನಪು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. 1983ರಲ್ಲಿ, ಏಳು ವರ್ಷದವರಾಗಿದ್ದಾಗ, ಫ್ರಾನ್ಸಿನ ನೀಸ್ ವಿಮಾನ ನಿಲ್ದಾಣದಲ್ಲಿ ಅವರು ಬಾಂಡನನ್ನು ಕಂಡರು. ತಾತ ಹೋಗಿ ಹಸ್ತಾಕ್ಷರ ಹಾಕಿಸಿಕೊಟ್ಟರು. ನೋಡಿದರೆ ರೋಜರ್ ಮೂರ್ ಎಂದಿದೆ, ಜೇಮ್ಸ್ ಬಾಂಡ್ ಎಂದಿಲ್ಲ. ಹುಡುಗನ ಮುಖ ಸಪ್ಪಗಾಯಿತು. ಆಗ ಮೂರ್ ಅವನನ್ನು ಹತ್ತಿರ ಕರೆದು, ನಿಜ ಹೆಸರು ಬರೆದರೆ ಶತ್ರು ಬ್ಲೋಫೆಲ್ಡನಿಗೆ ನಾನಿಲ್ಲಿರುವುದು ತಿಳಿದುಬಿಡುತ್ತದೆ, ಯಾರಿಗೂ ಹೇಳಬೇಡ ಎಂದು ಪಿಸುಗುಟ್ಟಿದರು. ಎಷ್ಟೋ ವರ್ಷದ ಮೇಲೆ ಅದೇ ಹುಡುಗ ಯುನಿಸೆಫ್ ಚಿತ್ರೀಕರಣವೊಂದರಲ್ಲಿ ಮೂರ್ ಅವರನ್ನು ಕಂಡು ಇದನ್ನು ಹೇಳಿದಾಗ, ನೆನಪಿಲ್ಲ ಎಂದರಂತೆ. ಆಮೇಲೆ ಹೊರಗೆ ಸಿಕ್ಕಾಗ, ನೆನಪಿದೆ, ಆದರೆ ಆ ಕ್ಯಾಮೆರಾದವರಲ್ಲಿ ಯಾರು ಬ್ಲೋಫೆಲ್ಡನ ಕಡೆಯವರೋ ಎಂದರಂತೆ.

ಇದನ್ನು ಮಾಮುವಿಗೆ ಹೇಳಿದೆ. ಯುನಿಸೆಫ್ ಎಂದರೇನೆಂದು ಕೇಳಿದರು. ಮಕ್ಕಳ ಸಂಸ್ಥೆ ಎಂದೆ. ನಟಿ ಆಡ್ರಿ ಹೆಪ್ಬರ್ನ್ ಕರೆತಂದ ಮೇಲೆ 1991ರಿಂದ ಮೂರ್ ಅದರ ಸದ್ಭಾವನಾ ರಾಯಭಾರಿಯಾಗಿದ್ದರು. ಉಪ್ಪಿಗೆ ಅಯೋಡಿನ್ ಸೇರಿಸಿ ಎಂದು ದೇಶದೇಶ ತಿರುಗಿದರು. ಅಯೋಡಿನ್ ಸಾಲದಿದ್ದರೆ ಗಂಟಲು ಗಡ್ಡೆಯಾಗುತ್ತದೆ, ಮಕ್ಕಳ ಬುದ್ಧಿ ಬೆಳೆಯುವುದಿಲ್ಲ. 2003ರಲ್ಲಿ ಅವರಿಗೆ ಸರ್ ಪದವಿ ಸಿಕ್ಕಿದ್ದೂ ಮುಖ್ಯವಾಗಿ ಈ ಸೇವೆಗೆ. ಗಂಟಲ ಗಡ್ಡೆ ಎಂದಾಗ ಮಾಮು ಕತ್ತರಿ ಕೆಳಗಿಟ್ಟರು. ಮಲೆನಾಡಿನ ನನ್ನ ನಾನಿಗೆ ಆ ಗಡ್ಡೆ ಇತ್ತು. ಸೆರಗಿನಲ್ಲಿ ಅದನ್ನು ಮುಚ್ಚಿಕೊಂಡೇ ಜೀವನ ಕಳೆದಳು.

ಸ್ವಲ್ಪ ಹೊತ್ತು ಸುಮ್ಮನಿದ್ದು ಮಾಮು ಕೇಳಿದರು: 'ಹಾಗಾದರೆ ಆ ಆನೆ ಮಾರುವ ಹುಡುಗನ ದುಡ್ಡು ಚುಕ್ತಾ ಆಯಿತು ಅನ್ನು?'

ಅವರಿಗೂ ಆ ಹುಡುಗ ನೆನಪಿದ್ದ! ಮೂವತ್ತು ವರ್ಷ ನನಗೊಬ್ಬನಿಗೇ ನೆನಪಿದೆ ಎಂದುಕೊಂಡಿದ್ದೆ. ನೀರಿಗೆ ತಳ್ಳಿದ್ದು ಪಾತ್ರ, ಉಪ್ಪಿಗಾಗಿ ತಿರುಗಿದ್ದು ಮನುಷ್ಯ, ಎರಡರ ಲೆಕ್ಕ ಒಂದೇ ಪುಸ್ತಕದಲ್ಲಿ ಹೇಗೆ ಬರೆಯುತ್ತೀರಿ ಎಂದು ವಾದ ಮಾಡಬಹುದಿತ್ತು. ಮಾಡಲಿಲ್ಲ. ಮುಖ ಒಂದೇ ಆದ ಮೇಲೆ ಜನ ಎರಡನ್ನೂ ಅವನ ಹೆಸರಿಗೇ ಬರೆಯುತ್ತಾರೆ.

ಮಾಮು 2021ರ ಮಳೆಗಾಲದಲ್ಲಿ ತೀರಿಕೊಂಡರು. ಅಳತೆ ಪುಸ್ತಕ ಈಗ ನನ್ನ ಬಳಿ ಇದೆ. ಹಾಳೆ ತಿರುವುತ್ತಿದ್ದಾಗ ಆ ಸಾಹೇಬರ ಪುಟ ಸಿಕ್ಕಿತು. ಎದೆ, ಸೊಂಟ, ತೋಳು, ಕೆಳಗೆ ಬಾಕಿ ಮೊತ್ತ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಹುಡುಗನ ಎರಡು ರೂಪಾಯಿ ಕೊಟ್ಟಿದೆ' ಎಂದು ಬರೆದು ನನ್ನ ಹೆಸರು ಹಾಕಿದ್ದಾರೆ. ಯಾವಾಗ ಕೊಟ್ಟರೋ, ನನಗೆ ನೆನಪೇ ಇಲ್ಲ.