ಧಣಿಗೆ ತಿಳಿಸಿದ್ದೀರಾ?

ದೀಪಾವಳಿ ಹತ್ತಿರ ಬಂತೆಂದರೆ ಪೀಣ್ಯದ ಕಾರ್ಖಾನೆಗಳ ಗೇಟಿನಲ್ಲಿ ಸ್ವೀಟ್ ಬಾಕ್ಸ್ ಹಿಡಿದವರು ಕಾಣಿಸಿಕೊಳ್ಳುತ್ತಾರೆ. ಹೆಚ್ಚಿನ ಬಾಕ್ಸ್‌ಗಳು ಹೋಗುವುದು ಪರ್ಚೇಸ್ ವಿಭಾಗಕ್ಕೆ. ಬಿಲ್ ಪಾಸ್ ಮಾಡುವವರಿಗೆ ಒಂದಿಷ್ಟು, ಸ್ಟೋರ್ಸಿನವರಿಗೆ ಒಂದಿಷ್ಟು. ದಿನವಿಡೀ ಲೇತ್ ಮುಂದೆ ನಿಂತು ದುಡಿಯುವವನಿಗೆ ಹೊರಗಿನವರು ಯಾರೂ ಸಿಹಿ ತರುವುದಿಲ್ಲ. ಅವನ ಕೈಯಲ್ಲಿ ಆರ್ಡರ್ ಇಲ್ಲ. ನನಗೆ ಈ ಹಬ್ಬದ ಉಡುಗೊರೆ ಕಂಡರೆ ಆಗುವುದಿಲ್ಲ. ಡೈರಿ, ಕ್ಯಾಲೆಂಡರ್‌ವರೆಗೆ ಸರಿ. ಬೆಳ್ಳಿ ನಾಣ್ಯಕ್ಕೆ ಬಂದ ಮೇಲೆ ಅದು ಹಬ್ಬದ ವಿಷಯವಾಗಿ ಉಳಿಯುವುದಿಲ್ಲ.

ಇಂಥ ಕುರ್ಚಿಯಲ್ಲಿ ಕೂತು ಬೇರೆ ರೀತಿ ನಡೆದುಕೊಂಡವರನ್ನೂ ನೋಡಿದ್ದೇನೆ. ನನ್ನ ಸೋದರಮಾವ ಒಂದು ಸಹಕಾರಿ ಸಂಘದಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಅವರ ಬೀಗರದು ಗೋಣಿಚೀಲದ ವ್ಯಾಪಾರ. ಸಂಘ ಚೀಲಕ್ಕೆ ಟೆಂಡರ್ ಕರೆದಾಗ ಬೀಗರೂ ದರ ಬರೆದು ಹಾಕಿದರು. ಮಾವ ಅವತ್ತೇ ಕಾರ್ಯದರ್ಶಿಗೆ ಬಿಳಿಹಾಳೆಯಲ್ಲಿ ಬರೆದುಕೊಟ್ಟರು: ಇವರು ನನ್ನ ಸಂಬಂಧಿಕರು, ಟೆಂಡರ್ ತೆರೆಯುವಾಗ ನಾನು ಕೂರುವುದಿಲ್ಲ, ಮಾಲು ಬಂದರೆ ಎಣಿಸಿಕೊಳ್ಳಲು ಬೇರೆಯವರನ್ನು ಹಾಕಿ. ಬೀಗರಿಗೆ ಸಿಟ್ಟು ಬಂತು. ಅತ್ತೆ, “ಹೇಳದಿದ್ರೆ ಯಾರಿಗೆ ಗೊತ್ತಾಗ್ತಿತ್ತು?” ಎಂದರು. “ನಾಳೆ ಹತ್ತು ಚೀಲ ಹರಿದು ಬಂದಿದ್ರೆ ನಾನು ಬಾಯಿ ಬಿಡೋಕಾಗಲ್ಲ ಕಣೇ,” ಎಂದರು ಮಾವ. ದರ ಕಡಿಮೆ ಇದ್ದುದರಿಂದ ಟೆಂಡರ್ ಬೀಗರಿಗೇ ಸಿಕ್ಕಿತು. ಎಣಿಸಿಕೊಂಡವರು ಬೇರೆಯವರು.

ಮಾವ ಕಾನೂನು ಓದಿದವರಲ್ಲ. ಆದರೆ ಅವರು ಮಾಡಿದ್ದು 1872ರ ಭಾರತೀಯ ಕರಾರು ಕಾಯ್ದೆಯ ಮನಸ್ಸಿಗೆ ಬಹಳ ಹತ್ತಿರದ್ದು. ಅದರ 216ನೇ ಕಲಮಿನಲ್ಲಿ ಒಂದು ಉದಾಹರಣೆಯಿದೆ. ಒಬ್ಬ ಧಣಿ ತನ್ನ ಏಜೆಂಟನಿಗೆ ಒಂದು ಮನೆ ಕೊಂಡುಕೊಡಲು ಹೇಳುತ್ತಾನೆ. ಏಜೆಂಟ್ ‘ಆ ಮನೆ ಸಿಗುವುದಿಲ್ಲ’ ಎಂದು ಹೇಳಿ ತಾನೇ ಕೊಂಡುಕೊಳ್ಳುತ್ತಾನೆ. ವಿಷಯ ಗೊತ್ತಾದ ಮೇಲೆ ಧಣಿಯು ಆ ಮನೆಯನ್ನು, ಅವನು ಕೊಂಡ ಬೆಲೆಗೇ ತನಗೆ ಮಾರುವಂತೆ ಒತ್ತಾಯಿಸಬಹುದು. ಧಣಿಗೆ ತಿಳಿಯದಂತೆ ಅವನ ವ್ಯವಹಾರದಲ್ಲಿ ತನ್ನದೂ ಒಂದು ವ್ಯವಹಾರ ನಡೆಸಿದರೆ ಅದರಿಂದ ಬಂದ ಲಾಭ ಧಣಿಗೆ ಸೇರಬೇಕು ಎನ್ನುವುದು ಕಲಮಿನ ಸಾರ. ‘ತಿಳಿಯದಂತೆ’ ಎಂಬ ಷರತ್ತಿನ ಮೇಲೇ ಇಡೀ ಕಲಮು ನಿಂತಿದೆ.

‘ಕಂಪನಿಗೆ ಒಂದು ಪೈಸೆಯೂ ನಷ್ಟ ಆಗಿಲ್ಲವಲ್ಲ’ ಎಂಬ ಮಾತು ಇಂಥ ಕಡೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಕೊಟ್ಟದ್ದು ಈಜಿಪ್ಟಿನಲ್ಲಿದ್ದ ಒಬ್ಬ ಬ್ರಿಟಿಷ್ ಸಾರ್ಜೆಂಟನ ಪ್ರಕರಣ. ಎರಡನೇ ಮಹಾಯುದ್ಧದ ಕಾಲ. ರೀಡಿಂಗ್ ಎಂಬ ಈತ ಯೂನಿಫಾರ್ಮ್ ತೊಟ್ಟು ಕಳ್ಳಮಾಲಿನ ಲಾರಿಗಳಲ್ಲಿ ಕುಳಿತು ಕೈರೋ ದಾಟಿಸುತ್ತಿದ್ದ. ಯೂನಿಫಾರ್ಮ್ ಕಂಡು ಪೊಲೀಸರು ಲಾರಿ ತಪಾಸಣೆ ಮಾಡುತ್ತಿರಲಿಲ್ಲ. ಹೀಗೆ ಅವನಿಗೆ ಸುಮಾರು 20,000 ಪೌಂಡ್ ಸಿಕ್ಕಿತು. ಸಿಕ್ಕಿಬಿದ್ದು ಶಿಕ್ಷೆಯಾಯಿತು, ಹಣ ಸೈನ್ಯದ ವಶವಾಯಿತು. ಹೊರಬಂದವನು ಆ ಹಣ ನನ್ನದು ಎಂದು ದಾವೆ ಹೂಡಿದ! ಸರ್ಕಾರಕ್ಕೆ ಇದರಿಂದ ನಷ್ಟವಾಗಿರಲಿಲ್ಲ ಎಂಬುದು ನಿಜ. ಆದರೂ 1951ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ವಿರುದ್ಧ ತೀರ್ಪು ಕೊಟ್ಟಿತು. ಆ ಹಣ ತಂದುಕೊಟ್ಟದ್ದು ಅವನು ತೊಟ್ಟಿದ್ದ ಯೂನಿಫಾರ್ಮ್, ಆ ಯೂನಿಫಾರ್ಮ್ ಕೊಟ್ಟದ್ದು ಸರ್ಕಾರ. ಬೆಳ್ಳಿ ನಾಣ್ಯ ಬರುವುದೂ ಪರ್ಚೇಸ್ ಕುರ್ಚಿಯಿಂದಲೇ ಎನ್ನುವುದನ್ನು ನಾನು ಈ ಪ್ರಕರಣದ ಜೊತೆಗಿಟ್ಟು ನೋಡುತ್ತೇನೆ.

ನಮ್ಮ ಬೆಂಗಳೂರಿನಲ್ಲಿ ಧಣಿಗೆ ತಿಳಿಸದೆ ನಡೆಸುವ ವ್ಯವಹಾರದ ಮಾತು ಮನೆಮನೆಗೆ ತಲುಪಿದ್ದು 2022ರಲ್ಲಿ, ‘ಮೂನ್‌ಲೈಟಿಂಗ್’, ಅಂದರೆ ಒಂದು ಕೆಲಸದಲ್ಲಿದ್ದುಕೊಂಡೇ ಹೊರಗೆ ಇನ್ನೊಂದು ಕೆಲಸ ಮಾಡುವುದು, ಎಂಬ ಹೆಸರಿನಲ್ಲಿ. ಆಗಸ್ಟ್‌ನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಅದನ್ನು ನೇರವಾಗಿ ಮೋಸ ಎಂದು ಕರೆದರು. ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದ 300 ಮಂದಿಯನ್ನು ವಿಪ್ರೊ ತೆಗೆದುಹಾಕಿದೆ ಎಂದು ಸೆಪ್ಟೆಂಬರ್‌ನಲ್ಲಿ ತಿಳಿಸಿದರು. ಅಕ್ಟೋಬರ್‌ನಲ್ಲಿ ಇನ್ಫೋಸಿಸ್, ಮೊದಲೇ ಒಪ್ಪಿಗೆ ಪಡೆದರೆ ಹೊರಗಿನ ಸಣ್ಣಪುಟ್ಟ ಕೆಲಸ ಮಾಡಬಹುದು ಎಂದಿತು. ಪ್ರತಿಸ್ಪರ್ಧಿಗೆ ದುಡಿದದ್ದನ್ನು ನಾನು ಸಮರ್ಥಿಸಲಾರೆ. ಎರಡು ಕಡೆಯ ಗುಟ್ಟೂ ಒಂದೇ ತಲೆಯಲ್ಲಿದ್ದರೆ ಯಾರಿಗಾದರೂ ಒಬ್ಬರಿಗೆ ದ್ರೋಹವಾಗಿಯೇ ತೀರುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದು. ಆದರೆ ಭಾನುವಾರ ಯಕ್ಷಗಾನಕ್ಕೆ ವೇಷ ಕಟ್ಟುವವನನ್ನೂ, ಸಂಜೆ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ.

ಮುಚ್ಚಿಡಲು ಏನೂ ಇಲ್ಲದವನು ಹೇಗಿರುತ್ತಾನೆ ಎಂದು ಯೋಚಿಸಿದಾಗ ಬಸವಣ್ಣನವರ ನೆನಪಾಗುತ್ತದೆ. ಬಿಜ್ಜಳನ ಭಂಡಾರಿಯಾಗಿದ್ದಾಗ, ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿ ಹೇಳಿದವರಿದ್ದರು. ಎಣಿಸಿ ನೋಡಿದರೆ ಹಣ ಸರಿಯಾಗಿಯೇ ಇತ್ತು ಎಂದು ಪುರಾಣಗಳು ಹೇಳುತ್ತವೆ. ಹೇಳುವವರು ಅದರಲ್ಲಿ ಪವಾಡ ಕಾಣುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಎಣಿಸಲು ಬಿಟ್ಟ ನಿರ್ಭಯ.

ಆ ನಿರ್ಭಯ ಇವತ್ತಿನ ನೌಕರನಿಗೆ ಬರಬೇಕಾದರೆ ಧಣಿಯೂ ಬದಲಾಗಬೇಕು. ನಿಷ್ಠೆ ಕೇಳುವ ಕಂಪನಿ ಎಷ್ಟೋ ಸಲ ತನ್ನದಲ್ಲದ್ದನ್ನೂ ಕೇಳುತ್ತದೆ. ಕೆಲಸ ಬಿಟ್ಟ ಮೇಲೂ ಎರಡು ವರ್ಷ ಇದೇ ವೃತ್ತಿಯ ಬೇರೆ ಕಂಪನಿ ಸೇರಬಾರದು ಎಂದು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳುವುದುಂಟು. ಅದೇ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಅಂಥ ಷರತ್ತು ನಿಲ್ಲುವುದಿಲ್ಲ. ಕರಾರಿನ ಅವಧಿಯೊಳಗಿನ ಮಾತೇ ಬೇರೆ. ಮಹಾರಾಷ್ಟ್ರದ ಕಲ್ಯಾಣ್‌ನ ಸೆಂಚುರಿ ರೇಯಾನ್‌ನಲ್ಲಿ ಐದು ವರ್ಷಕ್ಕೆ ಒಪ್ಪಿಕೊಂಡ ಮೇಲ್ವಿಚಾರಕರೊಬ್ಬರು ನಡುವೆಯೇ ಬಿಟ್ಟು ರಾಜಸ್ಥಾನದ ಕೋಟಾದ ಪ್ರತಿಸ್ಪರ್ಧಿ ಕಾರ್ಖಾನೆ ಸೇರಿದಾಗ, ಉಳಿದ ಅವಧಿಗೆ ಅವರನ್ನು ತಡೆದದ್ದು ಸರಿ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು.

ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಮಕ್ಕಳೇ, ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಪೂರ್ತಿ ಓದಿ. ಹೊರಗೆ ಏನಾದರೂ ಕೆಲಸ ಮಾಡುತ್ತಿದ್ದರೆ, ಸರಬರಾಜುದಾರರಲ್ಲಿ ನಿಮ್ಮ ನೆಂಟರಿದ್ದರೆ, ಒಂದು ಇಮೇಲ್‌ನಲ್ಲಿ ಬರೆದು ತಿಳಿಸಿಬಿಡಿ, ಅದರ ಒಂದು ಪ್ರತಿಯನ್ನು ನಿಮ್ಮಲ್ಲಿಟ್ಟುಕೊಳ್ಳಿ. ಕಂಪನಿ ನಡೆಸುವವರೇ, ಹಾಗೆ ತಾನಾಗಿ ಹೇಳಿದವನನ್ನು ದಯವಿಟ್ಟು ಶಿಕ್ಷಿಸಬೇಡಿ.