ಖಾಲಿ ಸೂರ್ಯನ ಊರಿನಲ್ಲಿ

2008ರ ಡಿಸೆಂಬರ್. ನಮ್ಮ ಶಾಲಾ ಪ್ರವಾಸದ ಬಸ್ಸು ದಿಂಬಂ ಘಾಟಿಯ 27 ತಿರುವು ಇಳಿದು, ಬತ್ಲಗುಂಡು ದಾಟಿ ಮತ್ತೆ ಘಟ್ಟ ಹತ್ತತೊಡಗಿದಾಗ ಅರ್ಧ ಮಕ್ಕಳು ಕಿಟಕಿಗೆ ತಲೆಕೊಟ್ಟಿದ್ದರು. ತಂದಿದ್ದ ನಿಂಬೆಹಣ್ಣೆಲ್ಲ ಮುಗಿದಿತ್ತು. ಕೊಡೈಕೆನಾಲ್ ಎಂದರೆ ಅವರಿಗೆ ಕೆರೆ, ದೋಣಿ, ಕುದುರೆ ಸವಾರಿ. ನನಗೆ ಮಾತ್ರ ಊರಾಚೆಯ ಗುಡ್ಡದ ಮೇಲಿರುವ ಸೌರ ವೀಕ್ಷಣಾಲಯ.

ಸುಮಾರು 2340 ಮೀಟರ್ ಎತ್ತರದ ಈ ಜಾಗಕ್ಕೆ ಮದರಾಸಿನ ವೀಕ್ಷಣಾಲಯದ ಕೆಲಸವನ್ನು ವರ್ಗಾಯಿಸಿದ್ದು 1899ರಲ್ಲಿ. ಸೂರ್ಯನಿಗೂ ಮುಂಗಾರಿಗೂ ಇರುವ ನಂಟು ತಿಳಿದರೆ ಬರಗಾಲದ ಸುಳಿವು ಸಿಕ್ಕೀತು ಎಂಬ ಆಸೆಯೂ ಅದರ ಹಿಂದಿತ್ತು. ಆ ಗುಟ್ಟು ಹಾಗೆ ಸುಲಭವಾಗಿ ಬಿಡಿಸಿಕೊಳ್ಳಲಿಲ್ಲ. ಆದರೆ 1909ರ ಜನವರಿಯಲ್ಲಿ ಜಾನ್ ಎವರ್‌ಶೆಡ್ ಎಂಬ ವಿಜ್ಞಾನಿ, ಸೂರ್ಯಕಲೆಯ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಇಲ್ಲಿಂದಲೇ ಕಂಡುಹಿಡಿದರು. ಇಂದಿಗೂ ಅದಕ್ಕೆ ಎವರ್‌ಶೆಡ್ ಪರಿಣಾಮ ಎಂದೇ ಹೆಸರು. ಈಗ ಈ ವೀಕ್ಷಣಾಲಯ ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ.

ಇಲ್ಲಿನ ಸುರಂಗ ದೂರದರ್ಶಕದ್ದೇ ಒಂದು ಸೊಗಸು. 11 ಮೀಟರ್ ಗೋಪುರದ ಮೇಲಿನ ಕನ್ನಡಿಗಳು ಸೂರ್ಯನ ಬೆಳಕನ್ನು ಹಿಡಿದು ಕೆಳಗಿಳಿಸುತ್ತವೆ. ಅಲ್ಲಿಂದ ಅದು 60 ಮೀಟರ್ ಉದ್ದದ ಸುರಂಗದಲ್ಲಿ ಸಾಗಿ, 34 ಸೆಂಟಿಮೀಟರ್ ಅಗಲದ ಸೂರ್ಯನಾಗಿ ಮೂಡುತ್ತದೆ. ನಮ್ಮ ಮನೆಯ ಊಟದ ತಟ್ಟೆಗಿಂತ ದೊಡ್ಡದು!

ಮಕ್ಕಳು ನೋಡಿದ್ದು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ತೋರಿಸುವ ಸೂರ್ಯನ ನೇರ ಬಿಂಬವನ್ನು. ಬಿಳಿಯ ವೃತ್ತ, ಅಷ್ಟೇ. ಒಂದು ಚುಕ್ಕೆಯೂ ಇಲ್ಲ.

"ಸಾರ್, ಇಷ್ಟು ದೂರ ಬಂದಿದ್ದು ಇದಕ್ಕಾ?" ಎಂದಳು ಒಬ್ಬಳು.

ಹಿಂದೆ ನಿಂತಿದ್ದ ಒಬ್ಬ ಹುಡುಗ ಮಾತ್ರ ಏನೂ ಹೇಳದೆ ನನ್ನ ಮುಖ ನೋಡಿದ. ಯಾಕೆಂದು ನನಗೆ ಗೊತ್ತಿತ್ತು.

ಆ ವರ್ಷ ಶಾಲೆಯ ಪುಟ್ಟ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಕಲೆಗಳನ್ನು ಗುರುತಿಸುವ ಕೆಲಸ ಕೊಟ್ಟಿದ್ದೆ. ಈ ಹುಡುಗ ಮೂರು ದಿನ ಮೂರು ಖಾಲಿ ವೃತ್ತ ಬರೆದು ತಂದ. "ಸೋಮಾರಿ, ನೋಡದೇ ಕೈವಾರ ತಿರುಗಿಸಿದ್ದೀಯ" ಎಂದು ತರಗತಿಯ ಎದುರೇ ಬೈದು, ಹತ್ತಕ್ಕೆ ಎರಡು ಅಂಕ ಕೊಟ್ಟಿದ್ದೆ. ಅದೇ ದಿನಗಳಲ್ಲಿ ಎರಡು ಕಲೆಗಳನ್ನು ಅಚ್ಚುಕಟ್ಟಾಗಿ ಬರೆದವನಿಗೆ ಒಂಬತ್ತು.

ಅಲ್ಲಿದ್ದ ಸಿಬ್ಬಂದಿಯೊಬ್ಬರನ್ನು ಆ ತಾರೀಖುಗಳ ಬಗ್ಗೆ ಕೇಳಿದೆ. ಅವರು ವಿಚಾರಿಸಿ ಬಂದು, "ಮೂರೂ ದಿನ ಸೊನ್ನೆ" ಎಂದರು. 1904ರಿಂದ ಅಲ್ಲಿ ಸೂರ್ಯನ ಚಿತ್ರ ತೆಗೆದಿಟ್ಟಿದ್ದಾರೆ. ಕಲೆಯಿಲ್ಲದ ದಿನವೆಂದು ಯಾರೂ ಕ್ಯಾಮೆರಾ ಮುಚ್ಚಿಟ್ಟು ಹೋದವರಲ್ಲ. 2008ರಲ್ಲಿ ಅಂಥ ದಿನಗಳು 260ಕ್ಕೂ ಹೆಚ್ಚು ಎಂದು ಆಮೇಲೆ ಓದಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಹುಡುಗನ ಪಕ್ಕ ಕೂತು, "ತಪ್ಪು ನನ್ನದಪ್ಪಾ" ಎಂದೆ. ತಲೆ ತಗ್ಗಿಸಿ, "ಪರವಾಗಿಲ್ಲ ಸಾರ್" ಎಂದ. ಒಂಬತ್ತು ಅಂಕದವನನ್ನೂ ಕರೆದು ಕೇಳಿದೆ. "ಖಾಲಿ ಬಿಟ್ರೆ ಬೈತೀರಿ ಅಂತ ಹಾಕಿದೆ ಸಾರ್" ಎಂದುಬಿಟ್ಟ. ಅವನಿಗೆ ಏನೆಂದು ಬೈಯಲಿ?

ಸೂರ್ಯಕಲೆ ಎಂದರೆ ಬಲವಾದ ಕಾಂತಕ್ಷೇತ್ರವು ಒಳಗಿನ ಶಾಖ ಮೇಲೇರದಂತೆ ತಡೆಯುವ ಜಾಗ. ಸುತ್ತಲೂ 5500 ಡಿಗ್ರಿ ಸೆಲ್ಸಿಯಸ್ ಇದ್ದರೆ ಅಲ್ಲಿ ಸಾವಿರಕ್ಕೂ ಮಿಕ್ಕಿ ಕಡಿಮೆ, ಅದಕ್ಕೇ ಕಪ್ಪಾಗಿ ಕಾಣುತ್ತದೆ. ಈ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ಎಣಿಕೆಯ ಲೆಕ್ಕ ಸರಳ: ಗುಂಪಿಗೆ 10, ಅದಕ್ಕೆ ಬಿಡಿ ಕಲೆಗಳ ಸಂಖ್ಯೆಯನ್ನು ಕೂಡಿಸಿ. ಒಂಟಿ ಕಲೆಯಿದ್ದರೆ 11. ಏನೂ ಇಲ್ಲದಿದ್ದರೆ 0.

"ಇನ್ನು ಕೆಲವೇ ವರ್ಷ, ನೋಡಿ ಎಷ್ಟು ಕಲೆ ಬರುತ್ತವೆ" ಎಂದು ಮಕ್ಕಳಿಗೆ ಜಂಬದಿಂದ ಹೇಳಿದ್ದೆ. ಸೂರ್ಯ ನನ್ನ ಮಾತು ನಡೆಸಿಕೊಡಲಿಲ್ಲ. ಆಗ ಶುರುವಾದ 24ನೆಯ ಸೌರಚಕ್ರ ಸುಮಾರು ನೂರು ವರ್ಷಗಳಲ್ಲೇ ದುರ್ಬಲವಾದದ್ದು. 2014ರ ಏಪ್ರಿಲ್‌ನ ಅದರ ಶಿಖರ 116. ಹಿಂದಿನ ಚಕ್ರದ್ದು 180, 1958ರದ್ದು 285.

ದುರ್ಬಲವೆಂದರೆ ನಿದ್ದೆಯಲ್ಲ. 2014ರ ಅಕ್ಟೋಬರಿನಲ್ಲಿ 24 ವರ್ಷಗಳಲ್ಲೇ ಅತಿ ದೊಡ್ಡ ಕಲೆಗಳ ಗುಂಪು, ಹೆಚ್ಚುಕಡಿಮೆ ಗುರುಗ್ರಹದಷ್ಟು ಅಗಲದ್ದು, ಸೂರ್ಯನ ಮುಖದ ಮೇಲೆ ಹಾದುಹೋಯಿತು. ಎಕ್ಸ್ ದರ್ಜೆಯ, ಅಂದರೆ ಅತಿ ಪ್ರಬಲ ವರ್ಗದ ಸೌರಜ್ವಾಲೆಗಳು ಅದರಿಂದ ಆರು ಬಾರಿ ಚಿಮ್ಮಿದವು. ಜ್ವಾಲೆ ನಮ್ಮ ಶಾಲೆಯ ದೂರದರ್ಶಕಕ್ಕೆ ಕಾಣುವಂಥದ್ದಲ್ಲ, ಕಲೆ ಮಾತ್ರ ಹಾಳೆಯ ಮೇಲೆ ಶಾಯಿ ಚೆಲ್ಲಿದಂತಿತ್ತು.

ತಂದೆ ತಾಯಂದಿರಿಗೆ ಒಂದು ಮಾತು. ಹೊಗೆ ಹಿಡಿಸಿದ ಗಾಜು, ಎಕ್ಸ್-ರೇ ಹಾಳೆ, ಬಣ್ಣದ ನೀರಿನ ತಟ್ಟೆ ಯಾವುದೂ ಬೇಡ. ದೂರದರ್ಶಕದಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಿದರೆ ಕ್ಷಣದಲ್ಲಿ ಕಣ್ಣು ಹೋದೀತು. ಬಿಂಬವನ್ನು ಹಾಳೆಯ ಮೇಲೆ ಬೀಳಿಸಿಯೇ ನೋಡಬೇಕು. ಗುರಿನೋಡುವ ಚಿಕ್ಕ ಕೊಳವೆಗೂ ಮುಚ್ಚಳ ಹಾಕಿ, ಹಿರಿಯರೊಬ್ಬರು ಪಕ್ಕದಲ್ಲೇ ಇರಬೇಕು.

ಆ ಅಕ್ಟೋಬರಿನಲ್ಲೇ ಒಂದು ಸಂಜೆ ಫೋನು ಬಂತು. ಖಾಲಿ ವೃತ್ತದ ಹುಡುಗ, ಆಗ ಡಿಗ್ರಿ ಓದುತ್ತಿದ್ದ. ರಟ್ಟಿನ ಪೆಟ್ಟಿಗೆಗೆ ಹಳೆಯ ಬೈನಾಕ್ಯುಲರ್ ಸಿಕ್ಕಿಸಿ ಹಾಸ್ಟೆಲಿನ ತಾರಸಿಯಲ್ಲಿ ಬಿಂಬ ಹಿಡಿದಿದ್ದನಂತೆ.

"ಈ ಸಲ ಕಲೆ ಇದೆ ಸಾರ್. ಎಷ್ಟು ಕೊಡ್ತೀರಿ?" ಎಂದು ನಕ್ಕ.